ದೋಣಿ ನೋಡುವ ಮೊದಲು ಮನೆಯವರ ತಲೆ ಎಣಿಸಿ

ಪೆರ್ನಾಲ್ ಮುಗಿದ ಮರುದಿನ ಭದ್ರಾವತಿ ಓಲ್ಡ್ ಟೌನ್‌ನ ನಮ್ಮ ಮನೆಗಳಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ ಹೋಗೋಣ? ಬಿರಿಯಾನಿ ಪಾತ್ರೆ ಕಟ್ಟಿಕೊಂಡು ಹೊಳೆ ಬದಿಗೋ ಲಕ್ಕವಳ್ಳಿ ಡ್ಯಾಂ ಕಡೆಗೋ ಹೊರಡುವುದು ರೂಢಿ. ಈಗ ಅದಕ್ಕೊಂದು ಹೊಸ ಆಸೆ ಸೇರಿದೆ. ಗಲ್ಫ್‌ನಿಂದ ರಜೆಗೆ ಬಂದ ಹುಡುಗರು ಮೊಬೈಲ್‌ನಲ್ಲಿ ಅಲ್ಯೂಮಿನಿಯಂ ಬೋಟ್ ತೋರಿಸಿ, "ಉಸ್ತಾದ್, ನಾಲ್ಕು ಮನೆಯವರು ಸೇರಿ ಇಂಥದೊಂದು ತಗೊಂಡರೆ ಹೇಗೆ? ಮೀನೂ ಹಿಡಿಯಬಹುದು, ಮಕ್ಕಳನ್ನು ಟ್ಯೂಬಿನಲ್ಲಿ ಕೂರಿಸಿ ಎಳೆಯಲೂಬಹುದು" ಅಂತ ಕೇಳುತ್ತಾರೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್ಲರೂ ಮೊದಲು ವಿಚಾರಿಸುವುದು ಬೆಲೆ, ಆಮೇಲೆ ಮೋಟಾರ್ ಎಷ್ಟು ಎಚ್‌ಪಿ ಅಂತ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಹತ್ತುವವರು ಎಷ್ಟು ಮಂದಿ?

ನೀರಿನ ಮೇಲೆ ಅರ್ಧ ಟಿಕೆಟ್ ಇಲ್ಲ

ಸಣ್ಣ ದೋಣಿಗಳಿಗೆ ಅಮೆರಿಕದಲ್ಲಿ ಬಳಸುವ ಒಂದು ಸರಳ ಲೆಕ್ಕವಿದೆ. ದೋಣಿಯ ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 15ರಿಂದ ಭಾಗಿಸಬೇಕು. 14 ಅಡಿ ಉದ್ದ, 5 ಅಡಿ ಅಗಲದ ದೋಣಿ ಅಂದರೆ 70. ಅದನ್ನು 15ರಿಂದ ಭಾಗಿಸಿದರೆ ನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿ. ಅಂದರೆ ನಾಲ್ಕೇ ಜನ, ಅದೂ ಗಾಳಿ ಇಲ್ಲದ, ಶಾಂತವಾದ ನೀರಿನಲ್ಲಿ. ತಯಾರಕರು ದೋಣಿಯ ಮೇಲೆ ಫಲಕ ಹಾಕಿದ್ದರೆ ಅದರಲ್ಲಿರುವ ಮಿತಿಯೇ ಅಂತಿಮ.

ನಮ್ಮ ಮನೆಯ ಲೆಕ್ಕವೇ ಬೇರೆ. ಅಜ್ಜಿ, ಉಮ್ಮ, ಇಬ್ಬರು ಸೊಸೆಯಂದಿರು, ಐದಾರು ಮಕ್ಕಳು. "ಮಕ್ಕಳು ತಾನೇ, ಮಡಿಲಲ್ಲಿ ಕೂರುತ್ತಾರೆ" ಅನ್ನುತ್ತೇವೆ. ಬಸ್ಸಿನಲ್ಲಿ ಅರ್ಧ ಟಿಕೆಟ್ ನಡೆಯುತ್ತದೆ, ದೋಣಿಯಲ್ಲಿ ನಡೆಯುವುದಿಲ್ಲ. ಮೀನು ನೋಡಲು ನಾಲ್ಕು ಮಕ್ಕಳು ಒಟ್ಟಿಗೆ ಒಂದೇ ಬದಿಗೆ ಬಗ್ಗಿದರೆ ದೋಣಿಯೂ ಅದೇ ಬದಿಗೆ ಬಗ್ಗುತ್ತದೆ. ಮೋಟಾರ್, ಪೆಟ್ರೋಲ್ ಕ್ಯಾನ್, ಐಸ್ ಪೆಟ್ಟಿಗೆ, ಬಿರಿಯಾನಿ ಪಾತ್ರೆ, ಇವುಗಳ ಭಾರವನ್ನೂ ಸೇರಿಸಿಕೊಳ್ಳಬೇಕು.

ಯಾವ ದೋಣಿ?

ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಲೋಹದ ಪಾಠ ಬೇಕಿಲ್ಲ. ಅಲ್ಯೂಮಿನಿಯಂ ತೂಕ ಕಬ್ಬಿಣದ ಸುಮಾರು ಮೂರನೇ ಒಂದು ಭಾಗ. ಸಣ್ಣ ದೋಣಿಯನ್ನು ನಾಲ್ಕು ಜನ ಎತ್ತಿ ಗಾಡಿಗೆ ಹಾಕಬಹುದು. ಮರದಂತೆ ಕೊಳೆಯುವುದಿಲ್ಲ. ಕಲ್ಲಿಗೆ ತಾಗಿದರೆ ಫೈಬರ್ ದೋಣಿ ಬಿರುಕು ಬಿಡಬಹುದು, ಅಲ್ಯೂಮಿನಿಯಂ ಹೆಚ್ಚಾಗಿ ನೆಗ್ಗುತ್ತದೆ. ಹಾಗಂತ ದೋಷವಿಲ್ಲ ಅಂತಲ್ಲ. ಬಿಸಿಲಿಗೆ ಕಾಯುತ್ತದೆ, ಸದ್ದು ಜಾಸ್ತಿ, ಹಗುರವಾದ್ದರಿಂದ ಗಾಳಿ ಬೀಸಿದರೆ ಪಕ್ಕಕ್ಕೆ ಜಾರುತ್ತದೆ. ಒಡೆದರೆ ಮೂಲೆಯ ಸಾಮಾನ್ಯ ವೆಲ್ಡಿಂಗ್ ಶಾಪ್‌ನಲ್ಲಿ ಸರಿಯಾಗುವುದಿಲ್ಲ, ಆರ್ಗಾನ್ ಗ್ಯಾಸ್ ವೆಲ್ಡಿಂಗ್ ಗೊತ್ತಿದ್ದವರೇ ಬೇಕು.

ನಿಂತ ನೀರಿನಲ್ಲಿ ಗಾಳ ಹಾಕಲು ಚಪ್ಪಟೆ ತಳದ, ಅಗಲವಾದ ದೋಣಿ ಒಳ್ಳೆಯದು, ಬೇಗ ಓಲಾಡುವುದಿಲ್ಲ. ಅಲೆ ಏಳುವ ಜಾಗಕ್ಕೆ ಮುಂಭಾಗ ಚೂಪಾಗಿರುವ, 'ವಿ' ಆಕಾರದ ತಳ ಬೇಕು. ಇನ್ನೊಂದು ಮಾತು ತಪ್ಪದೆ ಕೇಳಿ: ಸೀಟಿನ ಕೆಳಗೆ ತೇಲುವ ಫೋಮ್ ತುಂಬಿದ್ದಾರಾ? ಅದಿದ್ದರೆ ನೀರು ತುಂಬಿದರೂ ದೋಣಿ ಪೂರ್ತಿ ಮುಳುಗುವುದಿಲ್ಲ, ಹಿಡಿದುಕೊಳ್ಳಲು ಏನಾದರೂ ಉಳಿಯುತ್ತದೆ. ಅದಿಲ್ಲದ ದೋಣಿ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಮೀನಿಗೊಂದು, ಟ್ಯೂಬಿಗೊಂದು

ಒಂದೇ ದೋಣಿಯಲ್ಲಿ ಎರಡೂ ಆಗಲಿ ಅನ್ನುವುದೇ ದೊಡ್ಡ ತೊಡಕು. ಮೀನು ಹಿಡಿಯಲು ಹುಟ್ಟು ಅಥವಾ ಸಣ್ಣ ಮೋಟಾರ್ ಸಾಕು. ಟ್ಯೂಬ್ ಎಳೆಯಲು ಬಲವಾದ ಮೋಟಾರ್, ಅದನ್ನು ತಾಳುವ ದೊಡ್ಡ ದೋಣಿ, ಕನಿಷ್ಠ 50 ಅಡಿ ಹಗ್ಗ ಬೇಕು. ಓಡಿಸುವವನು ಮುಂದೆ ನೋಡಬೇಕಾದ್ದರಿಂದ ಟ್ಯೂಬಿನ ಮೇಲೆ ಕಣ್ಣಿಡಲು ಇನ್ನೊಬ್ಬ ದೊಡ್ಡವನಿರಲೇಬೇಕು. ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಒಣಮರಗಳು ಈಗಲೂ ನಿಂತಿವೆ. ನೀರು ಇಳಿದಾಗ ಕಾಣುವ ಬೊಡ್ಡೆ ನೀರು ತುಂಬಿದಾಗ ಕಾಣುವುದಿಲ್ಲ. ಅಂಥಲ್ಲಿ ಮಕ್ಕಳನ್ನು ವೇಗವಾಗಿ ಎಳೆಯುವುದು ಆಟವಲ್ಲ.

ಲಾರಿ ಟ್ಯೂಬಿಗೆ ಗಾಳಿ ತುಂಬಿ ಭದ್ರಾ ನಾಲೆಗೆ ಇಳಿಯುವುದು ಇನ್ನೂ ಅಪಾಯ. ನಾಲೆಯ ಗೋಡೆ ನುಣುಪು, ಹಿಡಿಯಲು ಏನೂ ಸಿಗುವುದಿಲ್ಲ, ಸೆಳೆತ ನಿಲ್ಲುವುದಿಲ್ಲ. ಹೊಳೆಯದ್ದೂ ಅಷ್ಟೇ. ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಪೇಟೆಯ ಸೇತುವೆಯ ಮೇಲೇ ಭದ್ರೆ ಹರಿಯುವುದನ್ನು ನಾವು ನೋಡಿದವರು.

ಎರಡು ಊರು, ಒಂದೇ ಪಾಠ

ನಮ್ಮ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತದೆ. ಅದೇ ತುಂಗಭದ್ರೆಯಲ್ಲಿ, ಶಿವಮೊಗ್ಗ ತಾಲೂಕಿನ ಹಾಡೋನಹಳ್ಳಿಯಲ್ಲಿ, 2016ರ ಸೆಪ್ಟೆಂಬರ್ 7ರಂದು ಗಣಪತಿ ವಿಸರ್ಜನೆಗೆ ಹೊರಟ ತೆಪ್ಪ ಮಗುಚಿ 12 ಮಂದಿ ತೀರಿಕೊಂಡರು. ಹೊರಲಾಗದಷ್ಟು ಜನ ತೆಪ್ಪ ಹತ್ತಿದ್ದರು. ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರ ಸಂಜೆ ಪ್ರವಾಸಿ ಬೋಟ್ ಮಗುಚಿ 22 ಜನ ಹೋದರು, ಹೆಚ್ಚಿನವರು ಮಕ್ಕಳು. ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಿ ಬೋಟಾಗಿ ಬದಲಾಯಿಸಿದ್ದರು, ಮಿತಿ ಮೀರಿ ಜನ ಹತ್ತಿದ್ದರು. ಒಂದೇ ಕುಟುಂಬದ 11 ಮಂದಿ ಆ ಬೋಟಿನಲ್ಲಿ ತೀರಿಹೋದರು. ರಜೆಯ ದಿನ ಮನೆಮಂದಿಯೆಲ್ಲ ಒಟ್ಟಿಗೆ ಹತ್ತುವುದು ನಮ್ಮ ಮನೆಗಳ ರೂಢಿಯೂ ಹೌದಲ್ಲವೇ?

ಬುರ್ಖಾದ ಮೇಲೆ ಲೈಫ್ ಜಾಕೆಟ್

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ನೀರಿಗೆ ಬಿದ್ದರೆ ಬುರ್ಖಾ ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಲೈಫ್ ಜಾಕೆಟ್ ಬುರ್ಖಾದ ಒಳಗಲ್ಲ, ಮೇಲೆಯೇ ಇರಬೇಕು, ಪಟ್ಟಿ ಬಿಗಿದಿರಬೇಕು. ಉದ್ದದ ಶಾಲು ಸೊಂಟಕ್ಕೆ ಕಟ್ಟಿಕೊಳ್ಳಲಿ. ಜಾಕೆಟ್ ಹಾಕಿದರೆ ಅದಬಿಗೆ ಕೊರತೆ ಬರುವುದಿಲ್ಲ, ಮೈ ಇನ್ನಷ್ಟು ಮುಚ್ಚುತ್ತದೆಯೇ ಹೊರತು ತೆರೆಯುವುದಿಲ್ಲ.

ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಬೇಡಿ, ಅವರ ತೂಕಕ್ಕೆ ತಕ್ಕದ್ದೇ ಬೇಕು. ತೊಡಿಸಿದ ಮೇಲೆ ಜಾಕೆಟ್‌ನ ಭುಜ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ, ಕಿವಿ ಒಳಗೆ ಹೋದರೆ ಅದು ಆ ಮಗುವಿನದ್ದಲ್ಲ. ಗಾಳಿ ತುಂಬಿದ ಬಣ್ಣದ ರಿಂಗ್ ಆಟಿಕೆ, ಜೀವ ಉಳಿಸುವ ಸಾಮಾನಲ್ಲ. ಜಾಕೆಟ್ ಸೀಟಿನ ಕೆಳಗೆ ಮಡಚಿಟ್ಟರೆ ಅದು ಇಲ್ಲದ ಹಾಗೆಯೇ.

ಕಾಗದಪತ್ರವೂ ಬೇಕು

ಭದ್ರಾ ಹಿನ್ನೀರಿನ ಪಕ್ಕದಲ್ಲೇ ಹುಲಿ ಸಂರಕ್ಷಿತ ಅರಣ್ಯವಿದೆ. ಅಲ್ಲಿ ಯಾರು ಬೇಕಾದರೂ ದೋಣಿ ಇಳಿಸುವ ಹಾಗಿಲ್ಲ. ಮೀನಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ, ದೋಣಿಗೆ ಅರಣ್ಯ ಮತ್ತು ನೀರಾವರಿಯವರ ಒಪ್ಪಿಗೆ ಮೊದಲೇ ವಿಚಾರಿಸಿ. ಮೋಟಾರ್ ದೋಣಿಗಳಿಗೆ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ತಪಾಸಣೆ, ನೋಂದಣಿ, ವಿಮೆಯ ನಿಯಮಗಳಿವೆ. ದುಡ್ಡು ಕೊಟ್ಟ ಮೇಲೆ ಕಚೇರಿ ಸುತ್ತುವುದಕ್ಕಿಂತ, ಕಚೇರಿ ಸುತ್ತಿ ಬಂದು ದುಡ್ಡು ಕೊಡುವುದು ಲೇಸು.

ವರ್ಷಕ್ಕೆ ಎರಡು ಸಲ ನೀರಿಗಿಳಿಯುವ ಮನೆಗೆ ಸ್ವಂತ ದೋಣಿಯ ಅಗತ್ಯವಿದೆಯಾ ಅಂತಲೂ ಯೋಚಿಸಿ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ಮನೆಯವರಿಗೆಲ್ಲ ಅಳತೆಗೆ ಸರಿಯಾದ ಜಾಕೆಟ್ ಬರುತ್ತದೆ. ಪರವಾನಗಿ ಇದ್ದವರ ದೋಣಿ ಬಾಡಿಗೆಗೆ ತೆಗೆದುಕೊಳ್ಳಬಹುದು, ದಡದಲ್ಲೇ ಕೂತು ಗಾಳ ಹಾಕಬಹುದು. ಕೊಂಡೇ ತೀರುತ್ತೇವೆ ಅನ್ನುವವರು ಮನೆಯಲ್ಲೊಂದು ಕಟ್ಟುಪಾಡು ಮಾಡಿಕೊಳ್ಳಲಿ: ಮನೆಮಂದಿಯೆಲ್ಲ ಒಂದೇ ಸುತ್ತಿಗೆ ಹತ್ತಬಾರದು. ಒಂಬತ್ತು ಜನರಿದ್ದರೆ ಮೂರು ಸುತ್ತು ಹೋಗಲಿ, ಈಜು ಬಲ್ಲ ಒಬ್ಬರು ಯಾವಾಗಲೂ ದಡದಲ್ಲಿರಲಿ. ತಡವಾದರೆ ಆಗಲಿ, ಬಿರಿಯಾನಿ ಕಾಯುತ್ತದೆ.