ನಿಮಿಷ ಬರೆದಿಟ್ಟರೆ ಸಾಲದು, ಮಾತನ್ನೂ ಅಳೆಯಬೇಕು

ಪಾರ್ಶ್ವವಾಯುವಿನ ನಂತರ ಕೈಯಲ್ಲಿರುವ ಲೋಟ ಏನೆಂದು ಗೊತ್ತಿದ್ದರೂ ಅದರ ಹೆಸರು ಬಾಯಿಗೆ ಬಾರದಿರಬಹುದು. ಇದು ಅಫೇಸಿಯಾ ಎಂಬ ಭಾಷಾ ತೊಂದರೆಯ ಒಂದು ಲಕ್ಷಣ. ಅಫೇಸಿಯಾಗೆ ಸ್ಪೀಚ್ ಥೆರಪಿ ಎಷ್ಟು ಬೇಕು? 2022ರ ‘ರಿಲೀಸ್’ ವಿಶ್ಲೇಷಣೆ ಹಲವು ಪ್ರಯೋಗಗಳಲ್ಲಿದ್ದ 959 ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಒಟ್ಟಾರೆ ಭಾಷೆ ಹೆಚ್ಚು ಸುಧಾರಿಸಿದ್ದು 20ರಿಂದ 50 ಗಂಟೆ ಚಿಕಿತ್ಸೆ ಪಡೆದವರಲ್ಲಿ. ಆದರೆ ಪ್ರಯೋಗಕ್ಕೆ ಆಯ್ಕೆಯಾದವರೇ ಬೇರೆ, ವಾರ್ಡಿನಲ್ಲಿರುವವರೇ ಬೇರೆ. ಹಾಗಾಗಿ ದಿನನಿತ್ಯದ ದಾಖಲೆ ಬೇಕು. ಇಂಗ್ಲೆಂಡಿನ ರಾಷ್ಟ್ರೀಯ ಸ್ಟ್ರೋಕ್ ಆಡಿಟ್ ಥೆರಪಿಯ ನಿಮಿಷಗಳನ್ನೂ ದಾಖಲಿಸುತ್ತದೆ.

ಆದರೆ ನಿಮಿಷಗಳನ್ನಷ್ಟೇ ನೋಡಿದರೆ, ತೊಂದರೆ ಹೆಚ್ಚಿದ್ದವರಿಗೇ ಹೆಚ್ಚು ಥೆರಪಿ ಸಿಕ್ಕಿದ್ದರೆ ಲೆಕ್ಕ ತಪ್ಪುವುದಿಲ್ಲವೇ? ತಪ್ಪುತ್ತದೆ. ಅದಕ್ಕೇ ಆರಂಭದ ತೀವ್ರತೆ, ಮಾಡಿಸಿದ ಅಭ್ಯಾಸ, ನಂತರದ ಮಾತು, ಮೂರನ್ನೂ ಎಲ್ಲೆಡೆ ಒಂದೇ ಅಳತೆಯಲ್ಲಿ ಬರೆದಿಡಬೇಕು. ಆಗ ಸಮಾನ ಸ್ಥಿತಿಯವರನ್ನು ಹೋಲಿಸಬಹುದು. ಹೆಸರು, ವಿಳಾಸ ತೆಗೆದು ಗೋಪ್ಯತೆ ಕಾಪಾಡಲೇಬೇಕು. ಹೀಗೆ ಬರೆದಿಟ್ಟರೆ, ಇಂದಿನ ರೋಗಿಯ ಶ್ರಮ ಮುಂದಿನ ರೋಗಿಯ ಚಿಕಿತ್ಸೆಯನ್ನು ಸುಧಾರಿಸುತ್ತದೆ.