ಕೋರ್ಟಿನಲ್ಲಿ ರಿಪೋರ್ಟರ್ ಇಲ್ಲ, ಸುದ್ದಿ ಯಾರು ಹೇಳ್ತಾರೆ?

ನ್ಯೂಸ್‌ರೂಮ್‌ಗಳಲ್ಲಿ ಜನ ಕಡಿಮೆಯಾಗ್ತಿದ್ದಾರೆ. ಹೀಗಿರುವಾಗ ವಕೀಲರ ಮಾತು ಸುದ್ದಿಯಾಗೋದು ಹೇಗೆ? ಇವತ್ತು ಅದನ್ನೇ ನೋಡೋಣ.

ಹೊಸಕೋಟೆ ತಾಲ್ಲೂಕಿನ ನಂದಗುಡಿಯನ್ನೇ ತಗೊಳ್ಳಿ. 2006ರ ಸುಮಾರಿಗೆ ಬೆಂಗಳೂರಿನ ಸುತ್ತ 5 ಟೌನ್‌ಶಿಪ್ ಮಾಡುವ ಯೋಜನೆ ಬಂದಾಗ ನಂದಗುಡಿಯ ಹೆಸರೂ ಪಟ್ಟಿಯಲ್ಲಿತ್ತು. ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲಿ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು, ಅದೂ ರೈತರ ವರ್ಷಗಟ್ಟಲೆ ಹೋರಾಟದ ನಂತರ. ಈ ಕಡೆ ಜಮೀನಿನ ಸುದ್ದಿ ಅಂದ್ರೆ ಮನೆ ಸುದ್ದಿ.

ಕೆಐಎಡಿಬಿಗಾಗಿ ಜಮೀನು ತಗೊಳ್ಳುವಾಗ, 1966ರ ಕಾಯ್ದೆಯ ಸೆಕ್ಷನ್ 28ರ ಪ್ರಕಾರ ನೋಟಿಸ್ ಕೈಸೇರಿದ ಮೇಲೆ ಆಕ್ಷೇಪಣೆ ಹಾಕಲು 30 ದಿನ ಇರುತ್ತೆ. ಇದನ್ನು ಬಿಡಿಸಿ ಹೇಳುವ ಸುದ್ದಿ 31ನೇ ದಿನ ಬಂದ್ರೆ ಏನು ಪ್ರಯೋಜನ? ಆದ್ರೆ ಇಡೀ ತಾಲ್ಲೂಕಿಗೆ ಒಬ್ಬರೇ ರಿಪೋರ್ಟರ್ ಇದ್ದಾಗ ಅವರು ಕೋರ್ಟಿನಲ್ಲಿ ದಿನವಿಡೀ ಕೂರೋಕಾಗಲ್ಲ.

ಹಾಗಂತ ವಕೀಲರು ಪ್ರಚಾರಕ್ಕೆ ಇಳಿಯುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಜಾಹೀರಾತನ್ನು ತಡೆಯುತ್ತೆ. ತಾವು ನಡೆಸುವ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಹೇಳಿಕೆ ಬರಿಸೋದು, ಫೋಟೊ ಹಾಕಿಸೋದು ಕೂಡ ತಪ್ಪೇ. 2008ರ ತಿದ್ದುಪಡಿ ವೆಬ್‌ಸೈಟಿಗೆ ಅವಕಾಶ ಕೊಟ್ಟಿದೆ, ಅದೂ ಹೆಸರು, ವಿಳಾಸ, ವಿದ್ಯಾರ್ಹತೆಯಂಥ ವಿವರಗಳಿಗೆ ಮಾತ್ರ.

ಹಾಗಾದ್ರೆ ದಾರಿ? ಕೇಸಿನ ಬದಲು ಕಾನೂನು ವಿವರಿಸಿ.

ಒಂದು: ಹೊಸ ಅಧಿಸೂಚನೆ ಬಂದ ದಿನವೇ ಯಾರಿಗೆ ಅನ್ವಯ, ಕೊನೇ ದಿನ ಯಾವುದು, ಎಲ್ಲಿಗೆ ಹೋಗ್ಬೇಕು ಅಂತ ಐದು ಸಾಲು ಸರಳ ಕನ್ನಡದಲ್ಲಿ ರಿಪೋರ್ಟರ್‌ಗೆ ಕಳಿಸಿ. ಅಧಿಸೂಚನೆಯ ಪ್ರತಿಯೂ ಜೊತೆಗಿರಲಿ.

ಎರಡು: ಕೋರ್ಟ್ ಆದೇಶದ ಬಗ್ಗೆ ಅವರೇ ಕೇಳಿದ್ರೆ, 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಕೊಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅವರೇ ಪರಿಶೀಲಿಸ್ತಾರೆ. ಸಮಯವಿಲ್ಲದ ರಿಪೋರ್ಟರ್‌ಗೆ ಬೇಕಿರೋದು ದಾಖಲೆ, ಹೊಗಳಿಕೆ ಅಲ್ಲ.

ಮೂರು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಒಮ್ಮೆ ತಪ್ಪು ಹೇಳಿದವರಿಗೆ ಮತ್ತೆ ಫೋನ್ ಬರಲ್ಲ.

ಹೈಕೋರ್ಟ್ ಲೈವ್ ವಿಡಿಯೊವನ್ನು ಅನುಮತಿಯಿಲ್ಲದೆ ಕತ್ತರಿಸಿ ರೀಲ್ ಮಾಡ್ಬೇಡಿ, ಅದಕ್ಕೂ ನಿರ್ಬಂಧವಿದೆ.

ಕೇಳುಗರಿಗೂ ಒಂದು ಮಾತು. ಮನೆಗೆ ನೋಟಿಸ್ ಬಂದ್ರೆ ಸುದ್ದಿಗಾಗಿ ಕಾಯಬೇಡಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ನೋಟಿಸ್ ಕೈಸೇರಿದ ತಾರೀಖನ್ನು ಅದರ ಮೇಲೇ ಬರೆದಿಡಿ. ಲೆಕ್ಕ ಶುರುವಾಗೋದು ಅಲ್ಲಿಂದಲೇ.