ಪಾರ್ಕಿನ್ಸನ್ ಕಾಯಿಲೆಯುಳ್ಳವರ ಪುನರ್ವಸತಿ: ಗುರಿಯನ್ನು ಅವರಿಂದಲೇ ತಿಳಿಯೋಣ



ವಾರ್ಡ್ ಸಭೆಯಲ್ಲಿ ಜನರ ಬೇಡಿಕೆಯನ್ನು ಆಲಿಸಿದ ನಂತರವೇ ಕಾಮಗಾರಿಗಳು ಕ್ರಿಯಾ ಯೋಜನೆಗೆ ಸೇರುತ್ತವೆ. ವಿಕಲಚೇತನರಿಗೆ ನೆರವು ನೀಡುವಾಗ ಮಾತ್ರ ಈ ಕ್ರಮವನ್ನು ಮರೆಯುವುದುಂಟು. ನಾನು ಕಾರ್ಯನಿರ್ವಹಿಸುವ ಪಂಚಾಯತಿಯಲ್ಲಿಯೂ ಹೀಗಾಯಿತು. ಪಾರ್ಕಿನ್ಸನ್ ಕಾಯಿಲೆಯುಳ್ಳ ಹಿರಿಯ ರೈತರೊಬ್ಬರಿಗೆ ಗಾಲಿಕುರ್ಚಿ ಒದಗಿಸಿದೆವು. ಮೂರು ತಿಂಗಳ ನಂತರ ಅವರ ಮನೆಗೆ ಹೋದಾಗ ಅದರ ಮೇಲೆ ಜೋಳದ ಚೀಲವಿತ್ತು. "ನನಗ ಕುರ್ಚಿ ಬ್ಯಾಡ್ರಿ ಸಾಹೇಬ್ರ. ಸಂಜೀಕ ಹಣಮಪ್ಪನ ಗುಡಿ ಕಟ್ಟಿತನಕಾ ನಡಕೊಂಡ ಹೋಗಬೇಕು, ಅಷ್ಟ ಸಾಕು" ಎಂದರು. ನಾವು ಅವರನ್ನು ಕೇಳಿಯೇ ಇರಲಿಲ್ಲ.

ಕಾಯಿಲೆಯ ಸ್ವರೂಪ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ, ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಮೆದುಳಿನ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಚಲನೆ ನಿಧಾನವಾಗುವುದು, ಕೈ ನಡುಕ, ಸ್ನಾಯುಗಳ ಬಿಗಿತ, ನಡೆಯುವಾಗ ಪಾದಗಳು ನೆಲಕ್ಕೆ ಅಂಟಿದಂತಾಗುವುದು ಇದರ ಲಕ್ಷಣಗಳು. ಲೆವೊಡೋಪ ಮುಂತಾದ ಔಷಧಿಗಳು ಲಕ್ಷಣಗಳನ್ನು ತಗ್ಗಿಸುತ್ತವೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದುದರಿಂದ ಬದುಕಿನ ಯಾವ ಕೆಲಸವನ್ನು ಮೊದಲು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ಒಬ್ಬ ತಾಯಿಗೆ ರೊಟ್ಟಿ ಬಡಿಯುವುದು ಮುಖ್ಯವಾದರೆ, ರಾಮದುರ್ಗದ ನೇಕಾರರಿಗೆ ಮಗ್ಗದ ಮುಂದೆ ಕೂರುವುದು, ಇನ್ನೊಬ್ಬರಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವುದು ಮುಖ್ಯವಾಗಬಹುದು.

ಕೇಳುವ ಬಗೆ

ಈ ಕಾಯಿಲೆಯಲ್ಲಿ ಧ್ವನಿ ತಗ್ಗುತ್ತದೆ, ಮುಖದ ಭಾವ ಕಡಿಮೆಯಾಗುತ್ತದೆ, ಉತ್ತರ ತಡವಾಗಿ ಬರುತ್ತದೆ. ಅವರಿಗೆ ಅಭಿಪ್ರಾಯವೇ ಇಲ್ಲವೆಂದು ಭಾವಿಸಿ ಮನೆಯವರೇ ಉತ್ತರಿಸಿಬಿಡುತ್ತಾರೆ. ಪ್ರಶ್ನೆಯನ್ನು ಅವರಿಗೇ ಕೇಳಿ, ಕಾಯಬೇಕು. ಮನೆಯವರ ಆತಂಕವನ್ನೂ ಆಲಿಸಬೇಕು. ನಮ್ಮ ರೈತರ ಪತ್ನಿಗೆ ಯಜಮಾನರು ಬಿದ್ದಾರೆಂಬ ಭಯವಿತ್ತು. ಮೊಮ್ಮಗ ಜೊತೆಗಿರಬೇಕೆಂಬ ಒಪ್ಪಂದದಿಂದ ಇಬ್ಬರಿಗೂ ಸಮಾಧಾನವಾಯಿತು.

ಗುರಿಯನ್ನು ಬರೆಯುವ ಬಗೆ

"ಆರೋಗ್ಯ ಸುಧಾರಿಸಬೇಕು" ಎಂಬುದು "ಊರು ಅಭಿವೃದ್ಧಿಯಾಗಬೇಕು" ಎಂಬಂತೆ. ಅದಕ್ಕೆ ಅಂದಾಜು ಪಟ್ಟಿ ತಯಾರಿಸಲಾಗದು. ಏನು, ಎಲ್ಲಿ, ಎಷ್ಟು ಸಲ, ಯಾರ ನೆರವಿನಿಂದ, ಎಷ್ಟು ದಿನಗಳೊಳಗೆ ಎಂಬುದು ಸ್ಪಷ್ಟವಾಗಬೇಕು. ಆ ರೈತರ ಗುರಿಯನ್ನು ಹೀಗೆ ಬರೆದುಕೊಂಡೆವು: "ಆರು ವಾರಗಳೊಳಗೆ, ವಾರಕ್ಕೆ ನಾಲ್ಕು ಸಂಜೆ, ಮೊಮ್ಮಗನೊಂದಿಗೆ ಕಟ್ಟೆಗೆ ನಡೆದು ಹೋಗಿ ಬರುವುದು."

ಗುರಿ ತಿಳಿದ ಮೇಲೆ ಅಡ್ಡಿ ಕಾಣಿಸಿತು. ಮನೆಯ ಮುಂದಿನ ಗಟಾರದ ಮೇಲಿನ ಕಲ್ಲು ಏರುಪೇರಾಗಿತ್ತು. ಅವರ ಪಾದಗಳು ಅಲ್ಲಿಯೇ ನಿಲ್ಲುತ್ತಿದ್ದವು. ಕಲ್ಲನ್ನು ಸಮಗೊಳಿಸಿದೆವು. ಫಿಜಿಯೋಥೆರಪಿಸ್ಟ್ ಅವರ ಸಲಹೆಯಂತೆ, ಹೆಜ್ಜೆಯ ಅಂತರಕ್ಕೊಂದರಂತೆ ದಾರಿಗೆ ಅಡ್ಡಲಾಗಿ ಬಿಳಿ ಗೆರೆಗಳನ್ನು ಎಳೆಸಿದೆವು. ಕಣ್ಣೆದುರು ಗೆರೆಯಿದ್ದರೆ ಅದನ್ನು ದಾಟಲು ಹೆಜ್ಜೆ ಏಳುವುದು ಈ ಕಾಯಿಲೆಯುಳ್ಳ ಅನೇಕರಲ್ಲಿ ಕಂಡುಬರುತ್ತದೆ. ಔಷಧಿಯ ಪರಿಣಾಮವಿರುವ ವೇಳೆಗೆ ನಡಿಗೆಯನ್ನು ಹೊಂದಿಸಲಾಯಿತು. ಇದಕ್ಕೆಲ್ಲ ತಗುಲಿದ ವೆಚ್ಚ ಗಾಲಿಕುರ್ಚಿಗಿಂತ ಕಡಿಮೆ. ಈಗ ಅವರು ಹೆಚ್ಚಿನ ಸಂಜೆ ಕಟ್ಟೆಯ ಮೇಲಿರುತ್ತಾರೆ; ಕೆಲವು ಸಂಜೆ ಆಗುವುದಿಲ್ಲ. ಮುಂದೆ ಶಕ್ತಿ ಕುಂದಿದರೆ ಗುರಿಯನ್ನು ಅವರೊಂದಿಗೆ ಕುಳಿತು ಬದಲಿಸಬೇಕಾಗುತ್ತದೆ. ಆಗ ಅವರೇ ಗಾಲಿಕುರ್ಚಿ ಕೇಳಲೂಬಹುದು.

ಸದಸ್ಯರು ಮಾಡಬಹುದಾದುದು

1. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 21 ಬಗೆಯ ಅಂಗವಿಕಲತೆಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ತಮ್ಮ ವಾರ್ಡಿನಲ್ಲಿ ಇಂಥವರಿದ್ದರೆ ವೈದ್ಯಕೀಯ ತಪಾಸಣೆ ಹಾಗೂ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಸಲ್ಲಿಸಲು ನೆರವಾಗುವುದು.

2. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರೊಂದಿಗೆ ಮನೆಗೆ ಭೇಟಿ ನೀಡಿ, ಗುರಿಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುವುದು.

3. ವಿಕಲಚೇತನರಿಗಾಗಿ ಮೀಸಲಿಟ್ಟ ಶೇ.5ರ ಅನುದಾನದ ಕ್ರಿಯಾ ಯೋಜನೆಯನ್ನು ಆ ಗುರಿಗಳ ಆಧಾರದ ಮೇಲೆ ರೂಪಿಸುವುದು.

4. ಆರು ವಾರಗಳ ನಂತರ ಮತ್ತೊಮ್ಮೆ ಭೇಟಿ ನೀಡಿ ವಿಚಾರಿಸುವುದು.

ಮುಂದಿನ ಸಾಮಗ್ರಿ ಖರೀದಿಯ ಪಟ್ಟಿ ಸಭೆಯ ಮುಂದೆ ಬಂದಾಗ, ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಯಾರು, ಯಾವಾಗ ಕೇಳಿದರು ಎಂದು ಸದಸ್ಯರು ವಿಚಾರಿಸಬೇಕೆಂದು ವಿನಂತಿ.